ಬಹುಮತವೂ ಅಧಿಕಮತವೂ: ಲೋಕಸಭೆಯ ಚುನಾವಣಾಕ್ರಮದ ಇತಿಹಾಸದಲ್ಲಿ ಒಂದು ವಿಚಾರ

೧

ಶಬ್ದಗಳ ಅರ್ಥವು ಕಾಲಕ್ರಮದಲ್ಲಿ ಮಾರ್ಪಡುವುದು ವಾಚಕರಿಗೆ ವಿದಿತವಾದ ವಿಷಯವೇ. ‘ಬಹುಮತ’ ಎಂಬ ಶಬ್ದವು ಇದಕ್ಕೆ ಒಳ್ಳೆಯ ನಿದರ್ಶನ. ಸಂಸ್ಕೃತ ಕಾವ್ಯಗಳಲ್ಲಿ ಇದಕ್ಕೆ ‘ಬಹಳವಾಗಿ ಮನ್ನಿಸಲ್ಪಟ್ಟ’ ಎಂಬುದೇ ಅರ್ಥ. ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಕಣ್ವಮಹರ್ಷಿಯು ಮಗಳನ್ನು ಪತಿಗೃಹಕ್ಕೆ ಕಳುಹಿಸುತ್ತ ಹರಸುವಾಗ ಈ ಶಬ್ದವನ್ನು ಇದೇ ಅರ್ಥದಲ್ಲಿ ಪ್ರಯೋಗಿಸಿದ್ದಾನೆ. ಅಲ್ಲಿ ತಲೆಯೆಣಿಕೆಯ ಪ್ರಸಕ್ತಿಯೇ ಇಲ್ಲ. ಪ್ರಜಾಪ್ರಭುತ್ವದ ವ್ಯವಹಾರವು ನಮ್ಮ ಭಾಷೆಗಳಿಗೆ ಬಂದ ಮೇಲೆ ಇದೇ ಶಬ್ದಕ್ಕೆ ‘ಅರ್ಧಕ್ಕಿಂತ ಹೆಚ್ಚು ಜನರ ಅಭಿಪ್ರಾಯ’ ಎಂಬ ಎರಡನೆಯ ಅರ್ಥ ಕೂಡಿಕೊಂಡಿತು. ಈಗ ಮೂರನೆಯದೊಂದು ಅರ್ಥವೂ ಸದ್ದಿಲ್ಲದೆ ಒಳಹೊಕ್ಕಿದೆ. ಅದು ‘ಸ್ಪರ್ಧಿಸಿದವರೊಳಗೆ ಒಬ್ಬನಿಗೆ ಉಳಿದ ಒಬ್ಬೊಬ್ಬರಿಗಿಂತಲೂ ಹೆಚ್ಚಾಗಿ ಬಿದ್ದ ಮತ’ ಎಂಬುದು. ಎರಡನೆಯ ಅರ್ಥಕ್ಕೂ ಮೂರನೆಯ ಅರ್ಥಕ್ಕೂ ಇರುವ ಅಂತರವು ಕೋಶಕಾರನ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ. ದೇಶದ ಲೋಕಸಭೆಯಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಲವೆಂಬುದು ಈ ಅಂತರವನ್ನೇ ಆಶ್ರಯಿಸಿ ನಿಂತಿದೆ. ಅದನ್ನು ಇತಿಹಾಸದ ಆಧಾರದಿಂದ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಚ್ಚು ಮಂದಿಯ ಮಾತಿಗೆ ಬೆಲೆಯುಂಟೆಂಬುದು ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಾದ ಸಂಗತಿಯಲ್ಲ. ಸಾಕ್ಷಿಗಳಲ್ಲಿ ಭೇದ ಕಂಡುಬಂದಾಗ ಬಹುಜನರ ಮಾತನ್ನು ಹಿಡಿಯಬೇಕೆಂದೂ, ಎರಡು ಕಡೆಯೂ ಸಮಸಂಖ್ಯೆಯಿದ್ದರೆ ಗುಣವಂತರ ಮಾತನ್ನು ಹಿಡಿಯಬೇಕೆಂದೂ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವಿಧಿಯಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ಈ ಸ್ಮೃತಿಗೆ ಬರೆದ ವ್ಯಾಖ್ಯಾನವೆಂಬುದು ಪ್ರಸಿದ್ಧವಾಗಿದೆ. ಆದರೆ ಇಲ್ಲಿ ಒಂದನ್ನು ಗಮನಿಸಬೇಕು. ಆ ವಿಧಿಯು ಹೇಳಿರುವುದು ‘ದ್ವೈಧ’ವನ್ನು ಕುರಿತು, ಎಂದರೆ ಎರಡಾಗಿ ಒಡೆದಿರುವ ಪ್ರಸಂಗವನ್ನು ಕುರಿತು. ಎರಡೇ ಪಕ್ಷಗಳಿರುವಲ್ಲಿ ಹೆಚ್ಚಿನದು ಯಾವುದೋ ಅದು ಅರ್ಧಕ್ಕೆ ಮೀರಿದ್ದೇ ಆಗಿರುತ್ತದೆ; ಎರಡನೆಯ ಅರ್ಥವೂ ಮೂರನೆಯ ಅರ್ಥವೂ ಅಲ್ಲಿ ಒಂದೇ. ಮೂರೋ ನಾಲ್ಕೋ ಪಕ್ಷಗಳು ನಿಂತಾಗ ಇವೆರಡೂ ಬೇರ್ಪಡುತ್ತವೆ. ನೂರು ಮತಗಳಲ್ಲಿ ನಾಲ್ವರಿಗೆ ಕ್ರಮವಾಗಿ ೩೪, ೩೦, ೨೦, ೧೬ ಬಿದ್ದವೆನ್ನೋಣ. ೩೪ ಪಡೆದವನು ಗೆಲ್ಲುತ್ತಾನೆ. ಅವನಿಗೆ ಬಂದದ್ದು ಅಧಿಕವಾದ ಮತವೇ ಹೊರತು ಅರ್ಧಕ್ಕೆ ಮೀರಿದ ಮತವಲ್ಲ. ೬೬ ಮಂದಿ ಅವನನ್ನು ಬಯಸಲಿಲ್ಲ. ಇದೇ ಪ್ರಮಾಣವು ಎಲ್ಲ ಕ್ಷೇತ್ರಗಳಲ್ಲಿಯೂ ಇದ್ದ ಪಕ್ಷದಲ್ಲಿ ನೂರಕ್ಕೆ ೩೪ ಮತ ಪಡೆದ ಪಕ್ಷಕ್ಕೆ ಸಭೆಯ ಎಲ್ಲ ಸ್ಥಾನಗಳೂ ದೊರೆತು, ಉಳಿದ ಮೂವರಿಗೆ ಒಂದೂ ದೊರೆಯದು. ಮುಂದಿನ ವಿಚಾರದಲ್ಲಿ ಅರ್ಧಕ್ಕೆ ಮೀರಿದುದನ್ನು ಬಹುಮತವೆಂದೂ, ಇತರ ಪ್ರತಿಯೊಬ್ಬರಿಗಿಂತ ಹೆಚ್ಚೆಂಬಷ್ಟನ್ನು ಅಧಿಕಮತವೆಂದೂ ಕರೆಯುತ್ತೇನೆ.

೨

ನಮ್ಮ ದೇಶದಲ್ಲಿ ಪ್ರಾತಿನಿಧ್ಯದ ಚರ್ಚೆಯು ಮೊದಲು ಪಕ್ಷಗಳನ್ನು ಕುರಿತು ಹುಟ್ಟಿದ್ದಲ್ಲ, ಸಮುದಾಯಗಳನ್ನು ಕುರಿತು ಹುಟ್ಟಿದ್ದು. ೧೯೦೯ರ ಶಾಸನದಿಂದ ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳು ಏರ್ಪಟ್ಟವು. ೧೯೩೨ನೆಯ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡರು ನೀಡಿದ ತೀರ್ಪು ದಲಿತವರ್ಗದವರಿಗೂ ಪ್ರಾಂತೀಯ ಶಾಸನಸಭೆಗಳಲ್ಲಿ ೭೧ ಸ್ಥಾನಗಳನ್ನು ಪ್ರತ್ಯೇಕ ಮತದಾನದಿಂದ ಕೊಟ್ಟಿತು. ಗಾಂಧೀಜಿಯವರ ಉಪವಾಸದ ತರುವಾಯ ಅದೇ ವರ್ಷ ಸೆಪ್ಟೆಂಬರ್ ೨೪ರಂದು ಆದ ಪುಣೆಯ ಒಪ್ಪಂದದಲ್ಲಿ ಸ್ಥಾನಗಳು ೧೪೮ಕ್ಕೆ ಏರಿದವು; ಪ್ರತ್ಯೇಕ ಮತದಾನವು ಹೋಯಿತು. ಮೊದಲು ದಲಿತವರ್ಗದ ಮತದಾರರು ಮಾತ್ರ ಸೇರಿ ನಾಲ್ವರನ್ನು ಆರಿಸುವುದು, ಅನಂತರ ಎಲ್ಲ ಮತದಾರರೂ ಕೂಡಿ ಆ ನಾಲ್ವರಲ್ಲಿ ಒಬ್ಬನನ್ನು ಆರಿಸುವುದು ಎಂಬ ಕ್ರಮವು ನಿಂತಿತು. ಡಾ. ಅಂಬೇಡ್ಕರರು ಆ ಒಪ್ಪಂದಕ್ಕೆ ರುಜು ಹಾಕಿದರು. ಆದರೆ ಸ್ಥಾನಗಳ ಸಂಖ್ಯೆ ದೊಡ್ಡದೆಂಬುದಕ್ಕಿಂತ, ಆ ಸ್ಥಾನಕ್ಕೆ ಬರುವವನನ್ನು ಆರಿಸುವವರು ಯಾರೆಂಬುದೇ ದೊಡ್ಡ ಪ್ರಶ್ನೆಯೆಂಬುದನ್ನು ಅವರು ಎಂದೂ ಮರೆಯಲಿಲ್ಲ.

೧೯೪೬ರಲ್ಲಿ ಸಂವಿಧಾನ ರಚನಾಸಭೆಯನ್ನು ಕೂಡಿಸಬೇಕಾಗಿ ಬಂದಿತು. ಬ್ರಿಟಿಷ್ ಸಂಪುಟ ನಿಯೋಗದ ಯೋಜನೆಯಂತೆ ಪ್ರಾಂತೀಯ ಶಾಸನಸಭೆಗಳ ಸದಸ್ಯರು ಅದಕ್ಕೆ ಪ್ರತಿನಿಧಿಗಳನ್ನು ಆರಿಸಿದರು. ಹತ್ತು ಲಕ್ಷ ಜನಕ್ಕೆ ಒಬ್ಬನೆಂಬುದು ಸ್ಥೂಲಪ್ರಮಾಣ. ಆಯ್ಕೆಯು ಅಧಿಕಮತದಿಂದ ನಡೆಯಲಿಲ್ಲ. ಅನುಪಾತ ಪ್ರಾತಿನಿಧ್ಯದ ಒಂದು ಪ್ರಭೇದವಾದ ಏಕ ವರ್ಗಾವಣೀಯ ಮತದ ಕ್ರಮದಿಂದ ನಡೆಯಿತು. ಈ ಕ್ರಮದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಆವಶ್ಯಕ. ಮತದಾರನು ಉಮೇದುವಾರರ ಹೆಸರುಗಳ ಎದುರಿಗೆ ತನಗೆ ಇಷ್ಟವಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಅಂಕಿಗಳನ್ನು ಬರೆಯುತ್ತಾನೆ. ಒಟ್ಟು ಮತಗಳನ್ನು ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿ, ಬಂದುದಕ್ಕೆ ಒಂದನ್ನು ಸೇರಿಸಿದರೆ ಗೆಲುವಿಗೆ ಬೇಕಾದ ಪರಿಮಾಣವು ದೊರೆಯುತ್ತದೆ. ನೂರು ಮತದಾರರು, ನಾಲ್ಕು ಸ್ಥಾನಗಳು ಎಂದಾದರೆ ಆ ಪರಿಮಾಣವು ೨೧. ಅದನ್ನು ಮುಟ್ಟಿದವನು ಗೆದ್ದನು. ಅವನಿಗೆ ಮಿಗಿಲಾಗಿ ಬಂದ ಮತಗಳೂ, ತೀರ ಹಿಂದುಳಿದು ಹೊರಬಿದ್ದವನ ಮತಗಳೂ ವ್ಯರ್ಥವಾಗದೆ ಮುಂದಿನ ಇಷ್ಟದವನಿಗೆ ಹೋಗುತ್ತವೆ. ಒಂದು ಪಕ್ಷಕ್ಕೆ ೬೪, ಇನ್ನೊಂದಕ್ಕೆ ೩೬ ಮತಗಳಿದ್ದರೆ ಸ್ಥಾನಗಳು ೩ ಮತ್ತು ೧ ಎಂದು ಹಂಚಿಹೋಗುತ್ತವೆ. ಪ್ರತಿಯೊಬ್ಬನಿಗೂ ನಾಲ್ಕು ಮತಗಳನ್ನು ಕೊಟ್ಟು ಅಧಿಕಮತವನ್ನೇ ಎಣಿಸಿದ್ದರೆ ಮೊದಲನೆಯ ಪಕ್ಷಕ್ಕೆ ನಾಲ್ಕೂ ಸ್ಥಾನಗಳು ಹೋಗುತ್ತಿದ್ದವು. ಮತದಾರರು ಅವರೇ, ಅಭಿಪ್ರಾಯವೂ ಅದೇ. ಎಣಿಕೆಯ ಕ್ರಮವೊಂದು ಮಾರ್ಪಟ್ಟಿತು, ಸಭೆಯೇ ಮಾರ್ಪಟ್ಟಿತು.

೩

ಹೀಗೆ ಅನುಪಾತ ಕ್ರಮದಿಂದ ಹುಟ್ಟಿದ ಸಭೆಯೇ ೧೯೪೯ನೆಯ ಜನವರಿಯ ಮೊದಲ ವಾರದಲ್ಲಿ ಲೋಕಸಭೆಗೆ ಆ ಕ್ರಮವು ಬೇಡವೆಂದು ನಿರ್ಣಯಿಸಿತು. ಕರಡಿನ ೬೭ನೆಯ ಅನುಚ್ಛೇದವು ಚರ್ಚೆಗೆ ಬಂದಾಗ ಮಧ್ಯಪ್ರಾಂತದ ಕಾಜಿ ಸೈಯದ್ ಕರೀಮುದ್ದೀನರು ಒಂದು ತಿದ್ದುಪಡಿಯನ್ನು ಸೂಚಿಸಿದರು. ಬಹುಸದಸ್ಯ ಕ್ಷೇತ್ರಗಳಿರಬೇಕು, ಮತದಾರನು ತನಗೆ ಸಲ್ಲುವ ಮತಗಳನ್ನೆಲ್ಲ ಬೇಕಾದರೆ ಒಬ್ಬನಿಗೇ ಕೂಡಿಸಿ ಕೊಡಲು ಅವಕಾಶವಿರಬೇಕು ಎಂಬುದು ಅದರ ಸಾರ. ಪ್ರೊ. ಕೆ. ಟಿ. ಷಾ ಅವರೂ ಅನುಪಾತ ಪ್ರಾತಿನಿಧ್ಯದ ಪಕ್ಷವನ್ನು ವಹಿಸಿದರು. ಪೂರ್ವಪಕ್ಷದ ತಿರುಳು ಇಷ್ಟು: ಪ್ರತ್ಯೇಕ ಮತಕ್ಷೇತ್ರಗಳು ಹೋದುವು, ಒಳ್ಳೆಯದೇ ಆಯಿತು; ಅನುಪಾತ ಕ್ರಮವು ಯಾರ ಮತಧರ್ಮವನ್ನೂ ಕೇಳುವುದಿಲ್ಲ, ರಾಜಕೀಯ ಅಲ್ಪಸಂಖ್ಯಾತರಿಗೂ ಇತರ ಅಲ್ಪಸಂಖ್ಯಾತರಿಗೂ ಅದು ಸಮನಾಗಿ ಸಲ್ಲುತ್ತದೆ; ಅದಿಲ್ಲದಿದ್ದರೆ ಸೋತವರ ಮತಕ್ಕೆ ಸಭೆಯಲ್ಲಿ ಎಡೆಯೇ ಇರದು.

ಜನವರಿ ೪ರಂದು ಅಂಬೇಡ್ಕರರು ಇದಕ್ಕೆ ಸಮಾಧಾನ ಹೇಳಿದರು. ಅವರ ಹೇತುಗಳು ಮುಖ್ಯವಾಗಿ ಮೂರು. ಅನುಪಾತ ಕ್ರಮಕ್ಕೆ ಅಕ್ಷರಜ್ಞಾನವು ವ್ಯಾಪಕವಾಗಿರಬೇಕು, ಮತದಾರನಿಗೆ ಅಂಕಿಗಳನ್ನಾದರೂ ಗುರುತಿಸಿ ಬರೆಯಲು ಬರಬೇಕು. ನಮ್ಮಲ್ಲಿ ಅದಿಲ್ಲ ಎಂಬುದು ಮೊದಲನೆಯದು. ಆ ಕ್ರಮದಿಂದ ಸಭೆಯು ಸಣ್ಣ ಸಣ್ಣ ಗುಂಪುಗಳಾಗಿ ಒಡೆಯುವುದು, ಗುಂಪುಗಳು ಅತೃಪ್ತಿಯಾದಾಗಲೆಲ್ಲ ಬೆಂಬಲವನ್ನು ಹಿಂತೆಗೆಯುವುವು, ಸಭೆಗೆ ಹೊಣೆಯಾದ ಮಂತ್ರಿಮಂಡಲವು ಸ್ಥಿರವಾಗಿ ನಿಲ್ಲಲಾರದು ಎಂಬುದು ಎರಡನೆಯದು. ಅಲ್ಪಸಂಖ್ಯಾತರಿಗೆ ಸಂಯುಕ್ತ ಮತಕ್ಷೇತ್ರಗಳಲ್ಲಿ ಕಾದಿಟ್ಟ ಸ್ಥಾನಗಳನ್ನು ಕೊಡುವುದಾಗಿ ಸಭೆಯು ಆಗಲೇ ನಿರ್ಣಯಿಸಿದೆ ಎಂಬುದು ಮೂರನೆಯದು. ತಿದ್ದುಪಡಿ ಬಿದ್ದುಹೋಯಿತು.

ಈ ಹೇತುಗಳ ಬಲಾಬಲವನ್ನು ಪರೀಕ್ಷಿಸುವುದು ಇತಿಹಾಸಕಾರನ ಕರ್ತವ್ಯ. ಮೂರನೆಯದು ಐದು ತಿಂಗಳೂ ನಿಲ್ಲಲಿಲ್ಲ: ೧೯೪೯ನೆಯ ಮೇ ತಿಂಗಳಲ್ಲಿ ಮತಧರ್ಮದ ಅಲ್ಪಸಂಖ್ಯಾತರಿಗೆ ಸ್ಥಾನಗಳನ್ನು ಕಾದಿಡುವ ನಿರ್ಣಯವನ್ನು ಸಭೆಯೇ ಕೈಬಿಟ್ಟಿತು. ಪರಿಶಿಷ್ಟ ಜಾತಿ ಪಂಗಡಗಳಿಗೆ ಮಾತ್ರ ಅದು ಉಳಿಯಿತು. ಆದರೆ ಆ ನಿರ್ಣಯವನ್ನು ಆಧಾರಮಾಡಿಕೊಂಡು ತಿರಸ್ಕರಿಸಿದ ಅನುಪಾತ ಕ್ರಮವನ್ನು ಮತ್ತೆ ವಿಚಾರಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲನೆಯ ಹೇತುವು ಆ ಕಾಲಕ್ಕೆ ಪ್ರಬಲವಾಗಿಯೇ ಇತ್ತು. ೧೯೫೧ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು ೧೮ ಮಾತ್ರ. ಎರಡನೆಯ ಹೇತುವಿಗೆ ಜರ್ಮನಿಯ ನಿದರ್ಶನವನ್ನು ಕೊಡಬಹುದು. ಅಲ್ಲಿ ಮೊದಲ ಮಹಾಯುದ್ಧದ ತರುವಾಯದ ಗಣರಾಜ್ಯದಲ್ಲಿ ೬೦,೦೦೦ ಮತಗಳಿಗೆ ಒಂದು ಸ್ಥಾನವೆಂಬ ನಿಯಮವಿದ್ದು, ೧೯೨೮ರಲ್ಲಿ ನೂರಕ್ಕೆ ಮೂರೂ ಮತಗಳಿಲ್ಲದ ಹಿಟ್ಲರನ ಪಕ್ಷಕ್ಕೆ ೧೨ ಸ್ಥಾನಗಳು ದೊರೆತವು. ಮಂತ್ರಿಮಂಡಲಗಳು ಮೇಲಿಂದ ಮೇಲೆ ಉರುಳಿದವು. ಆದುದರಿಂದ ಸಿದ್ಧಾಂತಪಕ್ಷವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಆದರೂ ಒಂದು ವಿಶೇಷವನ್ನು ಗಮನಿಸತಕ್ಕದ್ದು: ಅದೇ ಸಂವಿಧಾನವು ರಾಷ್ಟ್ರಪತಿಯ ಚುನಾವಣೆಗೂ, ರಾಜ್ಯಸಭೆಗೆ ವಿಧಾನಸಭೆಗಳಿಂದ ನಡೆಯುವ ಚುನಾವಣೆಗೂ ಏಕ ವರ್ಗಾವಣೀಯ ಮತವನ್ನು ಉಳಿಸಿಕೊಂಡಿತು. ಪ್ರಜೆಗಳು ಆರಿಸುವಲ್ಲಿ ಅಧಿಕಮತ, ಪ್ರಜೆಗಳು ಆರಿಸಿದವರು ಆರಿಸುವಲ್ಲಿ ಅನುಪಾತಮತ, ಹೀಗೆ ಒಂದೇ ಗ್ರಂಥದಲ್ಲಿ ಎರಡು ನ್ಯಾಯಗಳು ನೆಲಸಿದವು.

೪

ಸ್ವತಂತ್ರಭಾರತದ ಮೊದಲನೆಯ ಮಹಾಚುನಾವಣೆಯು ೧೯೫೧ನೆಯ ಅಕ್ಟೋಬರ್ ೨೫ರಂದು ಹಿಮಾಚಲ ಪ್ರದೇಶದಲ್ಲಿ ಆರಂಭವಾಗಿ ೧೯೫೨ನೆಯ ಫೆಬ್ರವರಿಯವರೆಗೆ ನಡೆಯಿತು. ನಾವು ಯಾರಿಂದ ಅಧಿಕಮತದ ಕ್ರಮವನ್ನು ಪಡೆದೆವೋ ಆ ಬ್ರಿಟನ್ನಿನಲ್ಲಿಯೂ ಅದೇ ಅಕ್ಟೋಬರ್ ೨೫ರಂದೇ ಸಾರ್ವತ್ರಿಕ ಚುನಾವಣೆ ನಡೆದದ್ದು ಕಾಕತಾಳೀಯ. ಅಲ್ಲಿ ಲೇಬರ್ ಪಕ್ಷಕ್ಕೆ ದೇಶದಲ್ಲೆಲ್ಲ ಹೆಚ್ಚಿನ ಮತಗಳು ಬಿದ್ದವು. ಆದರೆ ಅದಕ್ಕೆ ದೊರೆತ ಸ್ಥಾನಗಳು ೨೯೫, ಕನ್ಸರ್ವೇಟಿವರಿಗೂ ಅವರ ಜೊತೆಗಾರರಿಗೂ ೩೨೧. ಹೆಚ್ಚು ಮತ ಪಡೆದವರು ಅಧಿಕಾರವನ್ನು ಬಿಟ್ಟಿಳಿದರು.

ನಮ್ಮಲ್ಲಿ ಮತದಾರರು ೧೭ ಕೋಟಿಗೂ ಮೀರಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ ಸೇನರ ಏರ್ಪಾಡಿನಂತೆ ಒಬ್ಬೊಬ್ಬ ಉಮೇದುವಾರನಿಗೂ ಚಿಹ್ನೆಯನ್ನು ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು. ಮತದಾರನು ಏನನ್ನೂ ಬರೆಯಬೇಕಾಗಿರಲಿಲ್ಲ, ಗುರುತನ್ನೂ ಹಾಕಬೇಕಾಗಿರಲಿಲ್ಲ. ಚೀಟಿಯನ್ನು ಬೇಕಾದ ಪೆಟ್ಟಿಗೆಯಲ್ಲಿ ಹಾಕಿದರೆ ತೀರಿತು. ಲೋಕಸಭೆಯ ೪೮೯ ಸ್ಥಾನಗಳಿಗೆ ೪೦೧ ಕ್ಷೇತ್ರಗಳು. ಅವುಗಳಲ್ಲಿ ೩೧೪ ಏಕಸದಸ್ಯ ಕ್ಷೇತ್ರಗಳು, ೮೬ ದ್ವಿಸದಸ್ಯ ಕ್ಷೇತ್ರಗಳು, ಒಂದು ತ್ರಿಸದಸ್ಯ ಕ್ಷೇತ್ರ.

ಫಲಿತಾಂಶವು ವಿಚಾರಾರ್ಹವಾಗಿದೆ. ಕಾಂಗ್ರೆಸ್ಸಿಗೆ ನೂರಕ್ಕೆ ೪೫ ಮತಗಳು, ೩೬೪ ಸ್ಥಾನಗಳು. ಎಂದರೆ ಸ್ಥಾನಗಳಲ್ಲಿ ನೂರಕ್ಕೆ ೭೪. ಸೋಷಲಿಸ್ಟ್ ಪಕ್ಷಕ್ಕೆ ನೂರಕ್ಕೆ ೧೦.೬ ಮತಗಳು, ೧೨ ಸ್ಥಾನಗಳು. ಆಚಾರ್ಯ ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾಪಕ್ಷಕ್ಕೆ ನೂರಕ್ಕೆ ೫.೮ ಮತಗಳು, ೯ ಸ್ಥಾನಗಳು. ಕಮ್ಯೂನಿಸ್ಟ್ ಪಕ್ಷಕ್ಕೆ ನೂರಕ್ಕೆ ೩.೩ ಮತಗಳು, ೧೬ ಸ್ಥಾನಗಳು. ಜನಸಂಘಕ್ಕೆ ನೂರಕ್ಕೆ ೩.೧ ಮತಗಳು, ೩ ಸ್ಥಾನಗಳು. ಮತಗಳ ಪ್ರಮಾಣದಂತೆಯೇ ಹಂಚಿದ್ದರೆ ಕಾಂಗ್ರೆಸ್ಸಿಗೆ ಸುಮಾರು ೨೨೦, ಸೋಷಲಿಸ್ಟರಿಗೆ ಸುಮಾರು ೫೨ ಸ್ಥಾನಗಳು ಸಲ್ಲುತ್ತಿದ್ದವು.

ಸೋಷಲಿಸ್ಟರ ಮತದ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಮತ ಪಡೆದ ಕಮ್ಯೂನಿಸ್ಟರಿಗೆ ಅವರಿಗಿಂತ ನಾಲ್ಕು ಸ್ಥಾನ ಹೆಚ್ಚಾಗಿ ಬಂದದ್ದು ಹೇಗೆ? ಇದು ಮತಗಳ ಮೊತ್ತದಿಂದ ಆದದ್ದಲ್ಲ, ಮತಗಳು ಹರಡಿದ್ದ ರೀತಿಯಿಂದ ಆದದ್ದು. ಸೋಷಲಿಸ್ಟರಿಗೆ ಉತ್ತರದಿಂದ ದಕ್ಷಿಣದವರೆಗೆ ಎಲ್ಲೆಲ್ಲಿಯೂ ಸ್ವಲ್ಪ ಸ್ವಲ್ಪ ಬೆಂಬಲವಿತ್ತು. ಎಲ್ಲೆಡೆ ಎರಡನೆಯವರಾಗಿಯೋ ಮೂರನೆಯವರಾಗಿಯೋ ನಿಂತರು. ಕಮ್ಯೂನಿಸ್ಟರ ಬಲವು ಮದರಾಸು, ಬಂಗಾಳ ಮೊದಲಾದ ಕೆಲವು ಕಡೆ ಮಡುಗಟ್ಟಿತ್ತು. ಹೊಲದಲ್ಲೆಲ್ಲ ಹನಿಯಾಗಿ ಬಿದ್ದ ನೀರಿಗಿಂತ ಪಾತಿಯಲ್ಲಿ ನಿಂತ ನೀರಿನಿಂದಲೇ ಬೆಳೆಯೇಳುವಂತೆ ಅಧಿಕಮತದ ಕ್ರಮದಲ್ಲಿ ಚೆಲ್ಲಾಡಿದ ಮತವು ಸೊರಗುತ್ತದೆ, ಒಟ್ಟುಗೂಡಿದ ಮತವು ಫಲಿಸುತ್ತದೆ. ಪಕ್ಷಗಳು ಈ ಪಾಠವನ್ನು ಬೇಗನೆ ಕಲಿತವು. ೧೯೫೨ನೆಯ ಸೆಪ್ಟೆಂಬರಿನಲ್ಲಿ ಸೋಷಲಿಸ್ಟ್ ಪಕ್ಷವೂ ಕೃಪಲಾನಿಯವರ ಪಕ್ಷವೂ ಕೂಡಿ ಪ್ರಜಾ ಸೋಷಲಿಸ್ಟ್ ಪಕ್ಷವಾದವು. ಅಧಿಕಮತದ ಕ್ರಮವು ಸಣ್ಣ ಪಕ್ಷಗಳನ್ನು ಮೊದಲು ಎಣಿಕೆಯಲ್ಲಿ ಕುಗ್ಗಿಸಿ, ಅನಂತರ ಸೋಲಿನ ಅಂಜಿಕೆಯಿಂದ ಒಂದಾಗಿಸುತ್ತದೆ ಎಂಬ ಸೂತ್ರವನ್ನು ಫ್ರಾನ್ಸಿನ ವಿದ್ವಾಂಸ ದುವೆರ್ಜೆಯು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ್ದು ೧೯೫೧ರಲ್ಲಿಯೇ.

ಈ ಚುನಾವಣೆಯಲ್ಲಿ ಸೋತವರ ಪೈಕಿ ಅಂಬೇಡ್ಕರರೂ ಒಬ್ಬರು. ಅವರು ಮುಂಬಯಿ ನಗರದ ಉತ್ತರ ಭಾಗದ ದ್ವಿಸದಸ್ಯ ಕ್ಷೇತ್ರದಲ್ಲಿ ಕಾದಿಟ್ಟ ಸ್ಥಾನಕ್ಕೆ ನಿಂತಿದ್ದರು. ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರರು ಗೆದ್ದರು. ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ ದೇಶದಲ್ಲೆಲ್ಲ ನೂರಕ್ಕೆ ೨.೪ರಷ್ಟು ಮತಗಳು ಬಂದರೂ ದೊರೆತದ್ದು ಎರಡೇ ಸ್ಥಾನಗಳು. ಸ್ಥಾನವು ಪರಿಶಿಷ್ಟರಿಗೆ ಸೇರಿದ್ದಾದರೂ ಅಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನು ನಿರ್ಧರಿಸಿದವರು ಎಲ್ಲ ಮತದಾರರು. ಪುಣೆಯ ಒಪ್ಪಂದದಲ್ಲಿದ್ದ ಮೊದಲ ಸುತ್ತಿನ ಆಯ್ಕೆಯೂ ಈಗ ಇರಲಿಲ್ಲ. ಅದೇ ೧೯೫೨ರಲ್ಲಿ ಅವರು ಮುಂಬಯಿ ಶಾಸನಸಭೆಯ ಸದಸ್ಯರ ಮತದಿಂದ ರಾಜ್ಯಸಭೆಯನ್ನು ಪ್ರವೇಶಿಸಿದರು. ಅಲ್ಲಿ ನಡೆದ ಎಣಿಕೆಯು ಏಕ ವರ್ಗಾವಣೀಯ ಮತದ್ದು. ಲೋಕಸಭೆಗೆ ಯಾವ ಕ್ರಮವು ಬೇಡವೆಂದು ಅವರು ವಾದಿಸಿ ಗೆದ್ದಿದ್ದರೋ ಆ ಕ್ರಮವೇ ಅವರಿಗೆ ಸಂಸತ್ತಿನ ಬಾಗಿಲನ್ನು ತೆರೆಯಿತು. ಇದನ್ನು ಅವರ ವಾದಕ್ಕೆ ಖಂಡನೆಯೆಂದು ನಾನು ಹೇಳುತ್ತಿಲ್ಲ. ತನಗೆ ಅನುಕೂಲವೋ ಪ್ರತಿಕೂಲವೋ ಎಂದು ನೋಡದೆ ರಾಜ್ಯದ ಸ್ಥೈರ್ಯಕ್ಕೆ ಬೇಕೆಂದು ಕಂಡುದನ್ನು ಅವರು ಪ್ರತಿಪಾದಿಸಿದರೆಂಬುದಕ್ಕೆ ಇದು ಸಾಕ್ಷಿಯೂ ಆಗಬಹುದು. ಆದರೆ ಎಣಿಕೆಯ ಕ್ರಮವು ಉದಾಸೀನವಾದ ವಸ್ತುವಲ್ಲ, ಅದು ತಾನೇ ಒಬ್ಬ ಮತದಾರನಂತೆ ಕೆಲಸಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ಸಿಕ್ಕಲಾರದು.

೫

ದ್ವಿಸದಸ್ಯ ಕ್ಷೇತ್ರಗಳ ಕಥೆಯನ್ನು ಇಲ್ಲಿಯೇ ಮುಗಿಸಬಹುದು. ೧೯೫೭ರಲ್ಲಿ ಆಂಧ್ರದ ಪಾರ್ವತೀಪುರ ಕ್ಷೇತ್ರದಲ್ಲಿ ವಿ. ವಿ. ಗಿರಿಯವರು ಸಾಮಾನ್ಯ ಸ್ಥಾನಕ್ಕೆ ಸ್ಪರ್ಧಿಸಿದ್ದರು. ಕಾದಿಟ್ಟ ಸ್ಥಾನವು ಪರಿಶಿಷ್ಟ ಪಂಗಡದವರೊಳಗೆ ಹೆಚ್ಚು ಮತ ಪಡೆದವರಿಗೆ ಸಂದಿತು. ಉಳಿದವರಲ್ಲಿ ಹೆಚ್ಚು ಮತ ಪಡೆದವರೂ ಅದೇ ವರ್ಗದ ಡಿ. ಸೂರಿ ದೊರೆಯವರಾಗಿದ್ದುದರಿಂದ ಎರಡನೆಯ ಸ್ಥಾನವೂ ಅವರಿಗೆ ಹೋಯಿತು. ಗಿರಿಯವರು ನ್ಯಾಯಾಲಯದ ಮೊರೆಹೊಕ್ಕರು. ಕಾದಿಟ್ಟ ಸ್ಥಾನಕ್ಕೆ ಅರ್ಹನಾದವನಿಗೆ ಸಾಮಾನ್ಯ ಸ್ಥಾನದ ಹಕ್ಕು ತಪ್ಪುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೫೯ರಲ್ಲಿ ತೀರ್ಪು ಕೊಟ್ಟಿತು. ೧೯೬೧ರ ಶಾಸನದಿಂದ ದ್ವಿಸದಸ್ಯ ಕ್ಷೇತ್ರಗಳೇ ರದ್ದಾದವು. ಅಂದಿನಿಂದ ಲೋಕಸಭೆಯ ಚುನಾವಣೆಯು ಶುದ್ಧವಾದ ಏಕಸದಸ್ಯ ಅಧಿಕಮತದ ಕ್ರಮವಾಗಿ ನಡೆದುಬಂದಿದೆ.

ಅಂದಿನಿಂದ ಇಂದಿನವರೆಗಿನ ಫಲಿತಾಂಶಗಳಲ್ಲಿ ಒಂದು ಸಂಗತಿಯು ಅಖಂಡವಾಗಿದೆ: ಲೋಕಸಭೆಯ ಯಾವ ಚುನಾವಣೆಯಲ್ಲಿಯೂ ಯಾವುದೇ ಒಂದು ಪಕ್ಷಕ್ಕೆ ಮತಗಳಲ್ಲಿ ಅರ್ಧವು ಬಂದಿಲ್ಲ. ೧೯೮೪ರಲ್ಲಿ ಕಾಂಗ್ರೆಸ್ಸು ೪೦೦ಕ್ಕೂ ಮೀರಿ ಸ್ಥಾನಗಳನ್ನು ಗೆದ್ದಾಗಲೂ ಮತವು ನೂರಕ್ಕೆ ೪೯ರ ಸುಮಾರು. ನೂರಕ್ಕೆ ಏಳಕ್ಕೂ ಹೆಚ್ಚು ಮತ ಪಡೆದ ಭಾರತೀಯ ಜನತಾ ಪಕ್ಷಕ್ಕೆ ಆಗ ದೊರೆತವು ಎರಡು ಸ್ಥಾನಗಳು. ೨೦೧೪ರಲ್ಲಿ ಅದೇ ಭಾರತೀಯ ಜನತಾ ಪಕ್ಷವು ನೂರಕ್ಕೆ ೩೧ ಮತಗಳಿಂದ ೫೪೩ರಲ್ಲಿ ೨೮೨ ಸ್ಥಾನಗಳನ್ನು ಗೆದ್ದಿತು. ಅದೇ ವರ್ಷ ನೂರಕ್ಕೆ ನಾಲ್ಕಕ್ಕೂ ಮೀರಿ ಮತ ಪಡೆದ ಬಹುಜನ ಸಮಾಜ ಪಕ್ಷಕ್ಕೆ ಒಂದು ಸ್ಥಾನವೂ ಸಿಕ್ಕಲಿಲ್ಲ, ನೂರಕ್ಕೆ ೩.೩ರಷ್ಟು ಮತವನ್ನು ತಮಿಳುನಾಡಿನಲ್ಲಿ ಒಟ್ಟುಗೂಡಿಸಿದ್ದ ಅಣ್ಣಾ ದ್ರಾವಿಡ ಮುನ್ನೇಟ್ರ ಕಳಗಕ್ಕೆ ೩೭ ಸ್ಥಾನಗಳು ಬಂದವು. ೧೯೫೨ರ ಸೋಷಲಿಸ್ಟರ ಮತ್ತು ಕಮ್ಯೂನಿಸ್ಟರ ಪ್ರಸಂಗವೇ ಇಲ್ಲಿ ಪುನರಾವೃತ್ತಿಯಾಗಿದೆ. ಈ ಕ್ರಮದ ಕೃಪೆಯು ಒಂದೇ ಪಕ್ಷದ ಸೊತ್ತಲ್ಲವೆಂಬುದೂ ಇದರಿಂದ ಸ್ಪಷ್ಟ: ಯಾವನು ಮುಂದಿರುವನೋ ಅವನನ್ನು ಇನ್ನಷ್ಟು ಮುಂದಕ್ಕೆ ತಳ್ಳುವುದೇ ಇದರ ಸ್ವಭಾವ.

ಕೆಲವೊಮ್ಮೆ ಹಿಂದಿರುವವನೇ ಮುಂದಾಗುವುದೂ ಉಂಟು. ಕರ್ನಾಟಕದ ವಿಧಾನಸಭೆಗೂ ಇದೇ ಕ್ರಮವಿರುವುದರಿಂದ ನಿದರ್ಶನವು ನಮ್ಮ ಮನೆಯಲ್ಲಿಯೇ ಇದೆ. ೨೦೦೮ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ೩೪.೮, ಭಾರತೀಯ ಜನತಾ ಪಕ್ಷಕ್ಕೆ ೩೩.೯ ಮತಗಳು, ಸ್ಥಾನಗಳಾದರೋ ಕ್ರಮವಾಗಿ ೮೦ ಮತ್ತು ೧೧೦. ೨೦೧೮ರಲ್ಲಿ ಮೊದಲನೆಯದಕ್ಕೆ ನೂರಕ್ಕೆ ಸುಮಾರು ೩೮, ಎರಡನೆಯದಕ್ಕೆ ಸುಮಾರು ೩೬. ಆದರೂ ಎರಡನೆಯದೇ ೧೦೪ ಸ್ಥಾನಗಳಿಂದ ಸಭೆಯ ಅತಿ ದೊಡ್ಡ ಪಕ್ಷವಾಯಿತು.

ಇದರಿಂದ ಒದಗಬಹುದಾದ ಅಪಾಯದ ಮೇರೆಯನ್ನು ತಿಳಿಯಲು ನೆರೆಯ ಸಿಂಹಳವನ್ನು ನೋಡಬೇಕು. ಅಲ್ಲಿ ೧೯೭೦ರಲ್ಲಿ ನೂರಕ್ಕೆ ೩೮ರಷ್ಟು ಮತ ಪಡೆದ ಸಂಯುಕ್ತ ರಾಷ್ಟ್ರೀಯ ಪಕ್ಷಕ್ಕೆ ೧೭ ಸ್ಥಾನಗಳು. ನೂರಕ್ಕೆ ೩೭ರಷ್ಟು ಮತ ಪಡೆದ ಶ್ರೀಲಂಕಾ ಸ್ವಾತಂತ್ರ್ಯ ಪಕ್ಷಕ್ಕೆ ೯೧. ಈ ಎರಡನೆಯ ಪಕ್ಷವು ಮಿತ್ರಪಕ್ಷಗಳೊಡನೆ ಕ್ಷೇತ್ರಗಳನ್ನು ಹಂಚಿಕೊಂಡು ನಿಂತಿತ್ತೆಂಬುದನ್ನೂ ಹೇಳಬೇಕು. ಗೆದ್ದವರು ೧೯೭೨ರಲ್ಲಿ ಹೊಸ ಸಂವಿಧಾನವನ್ನು ತಂದರು. ೧೯೭೭ರಲ್ಲಿ ಸೋತಿದ್ದ ಪಕ್ಷವು ನೂರಕ್ಕೆ ೫೧ರಷ್ಟು ಮತಗಳಿಂದ ೧೬೮ರಲ್ಲಿ ೧೪೦ ಸ್ಥಾನಗಳನ್ನು ಗೆದ್ದು, ಮರುವರ್ಷವೇ ಮತ್ತೊಂದು ಸಂವಿಧಾನವನ್ನು ರಚಿಸಿತು. ಎಂಟು ವರ್ಷಗಳೊಳಗೆ ಎರಡು ಸಂವಿಧಾನಗಳು. ಈ ಎರಡನೆಯದರಲ್ಲಿ ಅನುಪಾತ ಪ್ರಾತಿನಿಧ್ಯವನ್ನು ವಿಧಿಸಲಾಯಿತು. ಗುಂಪುಗಳ ಒಡಕಿನಿಂದ ಅಸ್ಥೈರ್ಯ ಹುಟ್ಟುವಂತೆ ಕೃತಕವಾದ ಭಾರಿ ಬಲದಿಂದಲೂ ಅಸ್ಥೈರ್ಯ ಹುಟ್ಟಬಹುದೆಂಬುದನ್ನು ಇದು ತೋರಿಸುತ್ತದೆ.

೬

ಹಾಗಾದರೆ ನಿರ್ಣಯವೇನು? ೧೯೪೯ರ ಮೂರು ಹೇತುಗಳಲ್ಲಿ ಒಂದು ಅದೇ ವರ್ಷ ಬಿದ್ದಿತು. ಅಕ್ಷರಜ್ಞಾನದ ಹೇತುವು ಕಾಲದಿಂದ ಸವೆದಿದೆ; ೨೦೧೧ರ ಜನಗಣತಿಯಲ್ಲಿ ಏಳು ವರ್ಷಕ್ಕೆ ಮೇಲ್ಪಟ್ಟವರೊಳಗೆ ಅಕ್ಷರಸ್ಥರು ನೂರಕ್ಕೆ ಸುಮಾರು ೭೩. ಸ್ಥೈರ್ಯದ ಹೇತುವೊಂದೇ ಉಳಿದಿದೆ. ಅದು ದುರ್ಬಲವಲ್ಲ. ಆದರೆ ೧೯೮೯ರಿಂದ ೨೦೧೪ರವರೆಗೆ ಅಧಿಕಮತದ ಕ್ರಮವಿದ್ದರೂ ಲೋಕಸಭೆಯಲ್ಲಿ ಯಾವ ಪಕ್ಷಕ್ಕೂ ಸ್ಥಾನಗಳಲ್ಲಿ ಅರ್ಧವು ದೊರೆಯಲಿಲ್ಲ, ೨೦೨೪ರಲ್ಲಿಯೂ ದೊರೆಯಲಿಲ್ಲ. ಇನ್ನೊಂದು ಕಡೆ, ಯುದ್ಧಾನಂತರದ ಪಶ್ಚಿಮ ಜರ್ಮನಿಯು ಅನುಪಾತ ಕ್ರಮವನ್ನು ಬಿಡದೆಯೇ, ನೂರಕ್ಕೆ ಐದು ಮತ ಪಡೆಯದ ಪಕ್ಷವನ್ನು ಸಾಮಾನ್ಯವಾಗಿ ಹೊರಗಿಡುವ ನಿಯಮದಿಂದ ಹಳೆಯ ಒಡಕನ್ನು ತಡೆಯಿತು. ಆದುದರಿಂದ ಸ್ಥೈರ್ಯಕ್ಕೆ ಒಂದೇ ದಾರಿಯೆಂಬ ನಿಯಮವಿಲ್ಲ. ಯಾವ ಕ್ರಮವು ನಮಗೆ ಯುಕ್ತವೆಂಬುದನ್ನು ನಿರ್ಣಯಿಸುವುದು ಪ್ರಜೆಗಳ ಕೆಲಸ. ಒಬ್ಬ ಶಬ್ದಶಾಸ್ತ್ರವ್ಯಾಸಂಗಿಯು ಅದನ್ನು ನಿರ್ಣಯಿಸಹೊರಡುವುದು ಸಾಹಸವಾದೀತು.

ಆದರೆ ಶಬ್ದದ ವಿಷಯದಲ್ಲಿ ಮಾತನಾಡುವ ಅಧಿಕಾರವು ನಮಗುಂಟು. ಚುನಾವಣೆಯಾದ ಪ್ರತಿಸಲವೂ ಗೆದ್ದ ಪಕ್ಷವು ‘ಜನರ ಬಹುಮತವು ನಮಗಿದೆ’ ಎಂದು ಸಾರುತ್ತದೆ. ಸಭೆಯಲ್ಲಿನ ಸ್ಥಾನಗಳ ವಿಷಯದಲ್ಲಿ ಆ ಮಾತು ದಿಟವಾಗಬಹುದು; ಜನರ ವಿಷಯದಲ್ಲಿ ಲೋಕಸಭೆಯ ಮಟ್ಟಿಗೆ ಇದುವರೆಗೆ ಒಂದು ಸಲವೂ ಯಾವ ಒಂದು ಪಕ್ಷಕ್ಕೂ ಅದು ಸಂದಿಲ್ಲ. ಸ್ಥಾನಗಳ ಬಹುಮತವನ್ನು ಜನರ ಬಹುಮತವೆಂದು ನಂಬುವ ಆಳರಸರು, ಹೊರಗುಳಿದ ಅರ್ಧಕ್ಕೂ ಹೆಚ್ಚಿನ ಜನರ ಮಾತನ್ನು ಕೇಳಬೇಕಾದ ಆವಶ್ಯಕತೆಯಿಲ್ಲವೆಂದು ಬಗೆಯುತ್ತಾರೆ. ಕರೀಮುದ್ದೀನರು ಅಂದು ಅಂಜಿದ್ದು ಇದಕ್ಕೇ. ಕ್ರಮವನ್ನು ಬದಲಾಯಿಸಲಿ ಬಿಡಲಿ, ಬಹುಮತಕ್ಕೂ ಅಧಿಕಮತಕ್ಕೂ ಇರುವ ಭೇದವನ್ನು ಪಾಠಶಾಲೆಗಳಲ್ಲಿ ಸ್ಪಷ್ಟವಾಗಿ ಬೋಧಿಸುವುದು ಉಪಾಧ್ಯಾಯರಿಗೆ ಸಾಧ್ಯವಾದ ಕೆಲಸ. ಅಧಿಕಮತದಿಂದ ಗೆದ್ದವನು ತನ್ನ ನಡತೆಯಿಂದ, ತನಗೆ ಮತ ಕೊಡದವರಿಂದಲೂ, ಕಣ್ವನು ಹರಸಿದ ಹಳೆಯ ಅರ್ಥದಲ್ಲಿ ಬಹುಮತನೆನಿಸಿಕ್ಕೊಳ್ಳಲು ಯತ್ನಿಸಿದರೆ, ಆ ಶಬ್ದದ ಮೂರು ಅರ್ಥಗಳಿಗೂ ಸಮನ್ವಯವು ದೊರೆತೀತು.